ನಡುತರದ ಗಾಡಿ

ಇಪ್ಪತ್ತೆರಡು ಫೆಬ್ರುವರಿ, ರವಿವಾರ. ಒಣ ಹವಾ. ಮೂಡಣ ಗಾಳಿ. ಮೋಡ ಇಲ್ಲ.

ಯಾಕ ನಗಾಕತ್ತೀರಿ ಅಮೋಲ? ಇನ್ನೂ ಗಾಡಿ ಸುದ್ದಿಗೇ ಬಂದಿಲ್ಲ ನಾನು. ತಾರೀಖು, ಹವಾ... ನಮ್ಮ ಡಾಗಿನ ಪುಸ್ತಕ ಹಿಂಗ ಸುರು ಆಗೂದು. ರಬಕವಿ ನೇಕಾರರ ಸಂಘದಾಗ ಇಪ್ಪತ್ತೆಂಟು ವರ್ಷ ಸೀರಿ ತಪಾಸಣಿ ಮಾಡೇನಿ. ಸೀರಿ ಬೆಳಕಿಗೆ ಹಿಡಿಯೂದು, ಡಾಗ, ಅಂದ್ರ ನೇಯ್ಗಿ ತಪ್ಪು, ಹುಡುಕೂದು, ಬರದು ನೇಕಾರನ ಮುಂದ ಓದೂದು. ಆದ್ರ ಮೊದಲನೇ ಸಾಲು ಹವಾ. ಒಣ ಗಾಳಿ ಬೀಸಿದ್ರ ಎಳಿ ತಾನ ಕಡೀತೈತಿ. ಗಾಳಿ ಮಾಡಿದ ತಪ್ಪಿಗೆ ನೇಕಾರನ ಪಗಾರ ಕಡಿಬಾರದು. ಅದಕ್ಕ ಬರೀತೇವಿ. ಇವತ್ತೂ ಬರದೇನಿ, ನೋಡ್ರಿ, ನಿಮ್ಮ ಹಾಳಿ ಮ್ಯಾಲೆ. ಒಣ ಹವಾ. ನಿಮಗೂ ಆ ರಿಯಾಯಿತಿ ಕೊಟ್ಟೇನಿ.

ಕುಂದರ್ರಿ. ಕುಂದರ್ರಿ ಅಂದ್ರ... ಗಾಡಿ ಎಲ್ಲೀ ಓಡಿ ಹೋಗೂದಿಲ್ಲ. ಕೀಲಿ ನನ್ನ ಕಿಸೇದಾಗ ಐತಿ. ಇಲ್ಲ, ಸದ್ಯ ಕೊಡೂದಿಲ್ಲ. ಮೊದಲ ಓದತೇನಿ, ಆಮ್ಯಾಲ ಕೀಲಿ.

ನಿಮ್ಮ ಅವ್ವಾರಿಗೆ ಚಾ ಬ್ಯಾಡ ಅನ್ರಿ. ನಾ ಈ ಮನ್ಯಾಗ ಚಾ ಕುಡಿಯಾಕ ಬಂದಿಲ್ಲ.

ನನ್ನ ಮಗಳು ಪ್ರತಿಮಾನ ನಿಶ್ಚಯದ ದಿವಸ ನಿಮ್ಮ ಗುರಪ್ಪ ಕಾಕಾ ಕೇಳಿದ್ದು ಇದೇ ಗಾಡಿ ಹೌದಲ್ಲೊ? ನಾನೂರಾ ಐವತ್ತು ಸಿಸಿ, ಎತ್ತರಂದು, ಮುಂದ ದೊಡ್ಡ ಗಾಲಿ, ಗುಡ್ಡ ಹತ್ತೂವಂಥಾದ್ದು. ಬಣ್ಣಾನೂ ಅದೇ. ಜನವರಿ ಇಪ್ಪತ್ತೈದು, ನಮ್ಮ ಬನಹಟ್ಟಿ ಮನಿ, ಪಡಸಾಲಿ ತುಂಬ ಮಂದಿ. ಹಿರ್ಯಾರೆಲ್ಲಾ ಕುಂತಾರ, ಎಲಿ ಅಡಿಕಿ ಹಂಚಾಕತ್ತಾರ. ಕಾಕಾ ಅಡಿಕಿ ಅಗಕೋತ ಅಂದ್ರು, 'ನಾವೇನ ಆಶೆಬುರುಕ ಮಂದಿ ಅಲ್ರೀ ಪರಮಾನಂದ. ಹತ್ತ ಲಕ್ಷದ್ದೂ ಅದಾವು, ಅದನ್ನ ಕೇಳಲಿಲ್ಲ. ದೀಡ ಲಕ್ಷದ್ದೂ ಅದಾವು, ಅದು ನಿಮ್ಮ ಮಾನಕ್ಕ ಕಡಿಮಿ. ನಡುತರದ್ದು ಕೇಳಾಕತ್ತೇವಿ. ಹಿಂದ ಕೂಡಾಕಿ ನಿಮ್ಮ ಮಗಳ ಅಲ್ಲೇನು?'

ನಡುತರದ್ದು!

ನಾ ಸುಮ್ಮ ಕುಂತೆ. ನನಗ ಮಾತ ಲಗೂನ ಬರೂದಿಲ್ಲ. ಆಡೂ ಮಾತ ಮನಸಿನ್ಯಾಗ ತೂಗಿ, ತಿರುವಿ, ಇದ ಸರಿ ಅನ್ನೂವಷ್ಟರಾಗ ಮಂದಿ ಎದ್ದು ಊಟಕ್ಕ ಕುಂತಿದ್ರು. ಹಿರ್ಯಾರು, 'ಹೆಣ್ಣಿನ ಕಡ್ಯಾವ್ರು ಸುಮ್ಮ ಅದಾರ, ಅಂದ್ರ ಒಪ್ಪಿಗಿ' ಅಂದ ಬಿಟ್ರು. ನಾ ಏನ ಅನ್ನಲಿ? ನಮ್ಮ ತಪಾಸಣಿ ಖೋಲಿ ರಿವಾಜೂ ಅದೇ. ಡಾಗ ಓದಿದಾಗ ನೇಕಾರ ಸುಮ್ಮನಿದ್ರ ಒಪ್ಪಿದಂಗ, ಕೆಳಗ ಸಹಿ. ಇಪ್ಪತ್ತೆಂಟು ವರ್ಷ ಮಂದಿ ಮ್ಯಾಲೆ ನಡೆಸಿದ್ದು, ಅವತ್ತ ನನ್ನ ಮ್ಯಾಲೆ ನಡೀತು.

ಗಾಡಿ ಬಂದದ್ದು ಹನ್ನೊಂದನೇ ತಾರೀಖಿಗೆ. ಇವತ್ತಿಗೆ ಹನ್ನೊಂದು ದಿನ ಓಡಿಸೇನಿ. ಯಾಕ ಅಂತೀರಿ? ಹೌದು, ನಿಮಗ ಕೊಡೂ ಗಾಡಿ ನಾ ಯಾಕ ಓಡಿಸಿದೆ ಅಂತ ಮಾರಿ ಮ್ಯಾಲೆ ಬರದೈತಿ. ತಪಾಸಣಿ ಆಗದ ಮಾಲು ನಾ ಯಾರ ಕೈಯಾಗೂ ಕೊಟ್ಟಾಂವಲ್ಲ. ಅಷ್ಟ.

ಮೊದಲನೇ ಡಾಗ. ಕೂಡೂ ಜಾಗಾ ನೆಲದಿಂದ ಸಾಡೆ ಮೂವತ್ತೆರಡ ಇಂಚು. ಟೇಪ್ ಹಿಡದ ಅಳದೇನಿ. ನನ್ನ ಎತ್ತರಕ್ಕ ಎರಡೂ ಕಾಲು ಒಮ್ಮೆ ನೆಲಕ್ಕ ಮುಟ್ಟೂದಿಲ್ಲ, ಬೆರಳಿನ ತುದಿ ಅಷ್ಟ. ನಿಮಗ ಮುಟ್ಟತಾವ, ನೀವು ಎರಡ ಇಂಚ ಹೆಚ್ಚ ಅದೀರಿ. ಭಾರ ನೂರಾ ತೊಂಬತ್ತಾರು ಕಿಲೋ. ನಿಂತಾಗ ಎಮ್ಮಿ, ಹೊಂಟಾಗ ಹಕ್ಕಿ. ಅದು ನಡೀತೈತಿ. ಆದ್ರ ಎಮ್ಮಿ ಹಕ್ಕಿ ಆಗೂ ನಡುವ ಹತ್ತ ಮಾರು ದಾರಿ ಇರತೈತಲ್ಲ, ಅಲ್ಲೇ ಕೆಡವತೈತಿ. ಚಿಮ್ಮಡದ ಬಸ್ ನಿಲ್ಲೂ ಜಾಗಾದಾಗ ಹೊಳ್ಳಸಾಕ ಹೋದೆ, ಒಂದ ಕಾಲ ಉಸುಕಿನಾಗ ಜಾರ್ತು, ಕೆಡವಿದೆ. ಗಂಡಸರು ಮೊಬೈಲ್ ತಗದ್ರು. ಬಸ್ಸಿಗೆ ನಿಂತ ಹೆಣ್ಮಕ್ಳ ಬಂದ ಎತ್ತಿದ್ರು. ಅದರಾಗ ಗುರುಬಾಯಿ ಅಂತ ಒಬ್ಬಾಕಿ, ನಮ್ಮ ಸಂಘಕ್ಕ ನೇಯಾಕಿ, 'ಮಾಸ್ತರ, ಸೀರಿ ಎತ್ತಿ ನೋಡೂದ ನಿಮಗ ಗೊತ್ತೈತಿ, ಇದನ್ನ ಎತ್ತಾಕ ನಮ್ಮನ್ನ ಕರೀರಿ' ಅಂದ್ಲು. ಬರಕೊಂಡೆ. ಆಕಿ ಮಾತಲ್ಲ, ಡಾಗ. ಹ್ಯಾಂಡಲ್ ತುದಿ ಗೀರೇತಿ, ಎಡಕ್ಕ. ನೀವ ಬಂದ ಕೂಡಲೇ ಅದನ್ನ ನೋಡಿದ್ರಿ, ನಾ ನೋಡಿದೆ. ನನ್ನ ಮೊಳಕಾಲ ನೋಡಲಿಲ್ಲ.

ಎರಡನೇದು, ಹಿಂದಿನ ಜಾಗಾ. ಇನ್ನೂ ಮ್ಯಾಲೆ ಐತಿ ಅದು. ಪ್ರತಿಮಾನ ಅವ್ವಗ ಸೀರ್ಯಾಗ ಹತ್ತಾಕ ಆಗಲಿಲ್ಲ. ಅರಿವಿ ಒಗೆಯೂ ಕಲ್ಲಿನ ಮ್ಯಾಲೆ ನಿಂತು, ನನ್ನ ಹೆಗಲ ಹಿಡದು, ಒಂದ ಸಲ ಹತ್ತಿದ್ಲು. ಇಳಿಯಾಕ ಎರಡ ಮಂದಿ ಬೇಕಾದ್ರು. ನೆರಿಗಿ ಗಾಲ್ಯಾಗ ಸಿಗದಂಗ ಜಾಳಗಿ ಇರತೈತಲ್ಲ, ಅದು ಕೇಳಿದ್ರ ಕೊಡತಾರ, ಕೇಳಲಿಲ್ಲಂದ್ರ ಇಲ್ಲ. 'ಹಿಂದ ಕೂಡಾಕಿ ನಿಮ್ಮ ಮಗಳು' ಅಂದ್ರಲ್ಲ ಕಾಕಾ... ಈ ಗಾಡಿ ಮಾಡಿದವ್ರಿಗೆ ಹಿಂದ ಕೂಡಾಕಿ ನೆಪ್ಪೇ ಇಲ್ಲ. ಒಬ್ಬಂವ ಕುಂತು ಹೋಗೂ ಗಾಡಿ ಇದು. ಹಿಂದಿಂದು ಚೀಲಕ್ಕ ಮಾಡ್ಯಾರ.

ಆ ಕಡೆ ಏನ ನೋಡಾಕತ್ತೀರಿ? ರಸ್ತಾದ ಆಚಿಗೆ? ಯಾವದೋ ಸ್ಕೂಟರು... ಬೇವಿನ ಗಿಡದ ನೆಳ್ಳಿಗೆ ನಿಂತಿರಬೇಕು ಯಾರೋ. ಬಿಸಲ ಎಷ್ಟೈತಿ. ಇಲ್ಲೆ ನೋಡ್ರಿ.

ಟಾಯರು. ಕಡ್ಡಿ ಗಾಲಿ, ಒಳಗ ಟ್ಯೂಬು. ಕಲ್ಲಿಗೆ ಛಲೋ, ಮೊಳಿಗೆ ಕೆಟ್ಟ. ಬೀಳಗಿ ರಸ್ತಾದಾಗ ಮುಂದಿನ ಗಾಲಿ ಕುಂತ್ತು. ಅಲ್ಲಿ ಜಕ್ಕಪ್ಪ ಅಂತ ಪಂಕ್ಚರ್ ತಗಿಯಾಂವ, ಇಪ್ಪತ್ತೊಂದ ಇಂಚಿನ ಟ್ಯೂಬ್ ಕೇಳಿದ್ರ, 'ಎತ್ತಿನ ಗಾಡಿದೇನ್ರೀ?' ಅಂತಾನ. ತ್ಯಾಪಿ ಹಚ್ಚಿ ಕೊಟ್ಟ. ಒಂದೂವರಿ ತಾಸ ಹೋತು. ಸರ್ವಿಸ್ ಬೇಕಂದ್ರ ಬಾಗಲಕೋಟಿ, ಒಂದ ದಿನದ ರಜಾ. ಕಬ್ಬಿನ ಟ್ರ್ಯಾಕ್ಟರ್ ಸಾಲ ನಿಂತಾಗ ಹಿಂದ ಸಿಕ್ಕ್ರ ಫ್ಯಾನ್ ತಿರಗತೈತಿ, ಬಲಗಾಲಿನ ಮೀನಖಂಡಕ್ಕ ಒಲಿ ಮುಂದ ಕುಂತಂಗ. ಇವನ್ನೆಲ್ಲಾ ಬರದೇನಿ. ಓದಿದಾಗ ನೀವು ಏನರ ಅನಬಹುದು, ಗೊತ್ತೈತೆಲ್ಲೊ? ನೇಕಾರಗ ಆ ಹಕ್ಕ ಐತಿ. 'ನೂಲೇ ಕೊಳತಿತ್ತು', 'ಕರೆಂಟ್ ಹೋತು', 'ಮನ್ಯಾಗ ಕೂಸಿಗೆ ಜ್ವರಾ ಇತ್ತು'... ಏನರ. ನಾ ಅದನ್ನೂ ಬರಕೋತೇನಿ.

ಏನೂ ಇಲ್ಲ? ಆತು.

ಛಲೋದೂ ಓದತೇನಿ. ಬರೇ ಡಾಗ ಓದಿದ್ರ ಅದು ತಪಾಸಣಿ ಅಲ್ಲ, ಹಗಿ. ನಿಮ್ಮ ಮ್ಯಾಲೆ ನನಗ ಹಗಿ ಐತಿ, ಇಲ್ಲ ಅನ್ನೂದಿಲ್ಲ. ಗಾಡಿ ಮ್ಯಾಲೆ ಇಲ್ಲ.

ಮೂರನೇ ಗೇರಿನಾಗ ಎರಡ ಟ್ರೇಲಿ ಕಬ್ಬಿನ ಟ್ರ್ಯಾಕ್ಟರ್ ದಾಟಬೇಕಂದ್ರ, ಹಿಂಗ ಕೈ ತಿರುವೂದ ತಡ... ದಾಟಿ ಆತು. ನನ್ನ ಹಳೇ ನೂರ ಸಿಸಿ ಗಾಡ್ಯಾಗ ಇಪ್ಪತ್ತು ವರ್ಷ ಆ ಧೂಳಾ ತಿಂದೇನಿ. ಬ್ರೇಕ್ ಹಿಡಿದಲ್ಲೇ ನಿಲ್ಲತೈತಿ. ಲೀಟರಿಗೆ ಇಪ್ಪತ್ತೆಂಟ ಕೊಡತೈತಿ, ಅದು ಈ ಮೈಗೆ ಸುಮಾರಲ್ಲ. ಮತ್ತ ತುಬಚಿಗೆ ಹೋಗಿದ್ದೆ. ನೀವು ದಿನಾ ಕೆಲಸಕ್ಕ ಹೋಗೂ ಕಾಲುವಿ ದಾರಿ. ಆ ದಾರಿ ಸಲುವಾಗಿನೇ ಈ ಗಾಡಿ ಬೇಕು ಅಂತ ಪ್ರತಿಮಾನ ಮುಂದ ಹೇಳಿದ್ರಂತಲ್ಲ. ಖರೆ ಹೇಳಿದ್ರಿ. ಅಲ್ಲಿ ನಾ ಕಾಲಮ್ಯಾಲೆ ನಿಂತ ಓಡಿಸಿದೆ. ತೆಗ್ಗ ಬರತಾವ, ಗಾಡಿ ಕೆಳಗ ಅವು ಎಲ್ಲಿ ಹೋಗತಾವೋ ಗೊತ್ತಾಗೂದಿಲ್ಲ. ಕಾಲುವ್ಯಾಗ ನೀರ ಹರಿಯಾಕತ್ತಿತ್ತು. ಐವತ್ತನಾಲ್ಕು ವರ್ಷದ ಮನಶ್ಯಾ, ಹೆಲ್ಮೆಟ್ಟಿನ್ಯಾಗ ಒಬ್ಬಾವನ ನಕ್ಕೆ. ಬರದೇನಿ, ನೋಡ್ರಿ. 'ತುಬಚಿ ದಾರಿ, ಉತ್ತಮ.' ಸಂಘದ ಪುಸ್ತಕದಾಗ ಉತ್ತಮ ಅಂತ ನಾ ಎಷ್ಟ ಸಲ ಬರದೇನಿ ಅಂತ ರಬಕವ್ಯಾಗ ಕೇಳ್ರಿ. ಬೆರಳ ಎಣಸತಾರ.

ನಡುತರ ಅಂದ್ರ ಏನು ಅಂತ ಹನ್ನೊಂದ ದಿನ ವಿಚಾರ ಮಾಡೇನಿ. ನಡುತರದ್ದು ಮಾಡಾಂವ ಎಲ್ಲೆರ ಉಳಿಸಲೇಬೇಕು. ಎಲ್ಲಿ ಉಳಿಸ್ಯಾನ ಅಂತ ಹುಡುಕೂದ ತಪಾಸಣಿ. ಸೀರ್ಯಾಗ ಹೆಂಗಂದ್ರ, ಸೆರಗ ರೇಷ್ಮಿ ಹಾಕತಾರ, ಒಡಲಿಗೆ ಹತ್ತಿ. ನಾಕ ಮಂದ್ಯಾಗ ಸೆರಗ ಕಾಣತೈತಿ, ಒಡಲ ಯಾರ ನೋಡತಾರ? ಈ ಗಾಡಿ ಉಲ್ಟಾ. ಎಂಜಿನ್ನಿಗೆ, ಶಾಕ್‌ಗೆ ರೊಕ್ಕ ಸುರುವ್ಯಾರ, ಮ್ಯಾಲಿನ ಪ್ಲಾಸ್ಟಿಕ್ಕಿನ್ಯಾಗ, ಗಾಜಿನ್ಯಾಗ, ಟ್ಯೂಬಿನ್ಯಾಗ ಉಳಿಸ್ಯಾರ. ಒಡಲ ರೇಷ್ಮಿ, ಸೆರಗ ಹತ್ತಿ. ಮಾಡಿದವ್ರಿಗೆ ಕೈ ಮುಗದೆ. ಆಮ್ಯಾಲ ನೀವ ನೆಪ್ಪಾದ್ರಿ. ನೀವ ಎಲ್ಲಿ ಉಳಿಸೀರಿ ಅಂತ ನೋಡಬೇಕನಿಸ್ತು.

ಸಿಟ್ಟ ಬಂತೇನು? ಬರಲಿ. ಆದ್ರ ಬಾಯಿಂದ ಬರಲಿ.

ನನಗ ನೀವ ಮೊದಲ ಸೇರಿರಲಿಲ್ಲ. ಆಕಿಗೆ ಸೇರಿದ್ರಿ. ಯಾಕ ಗೊತ್ತೇನು? ಡಿಸೆಂಬರದಾಗ ಮೊದಲ ಸಲ ನೋಡಾಕ ಬಂದಾಗ ಒಂದ ತಾಸ ಮಾತಾಡಿದ್ರಿ ಆಕಿ ಜೋಡಿ. ಹಿಮದ ಗುಡ್ಡ, ಆ ದಾರಿ, ಈ ಗಾಡಿ... ಆಕಿ ಸಂಜಿಕೆ ಅವ್ವನ ಮುಂದ ಅಂದ್ಲಂತ, 'ಮಾತಾಡಾಂವ ಅದಾನವ್ವ. ಅಪ್ಪನಂಗ ಅಲ್ಲ.' ಇಪ್ಪತ್ತೇಳು ವರ್ಷ ಸುಮ್ಮ ಕುಂತ ಅಪ್ಪನ ಮನ್ಯಾಗ ಬೆಳದಾಕಿಗೆ, ಮಾತಾಡೂ ಗಂಡ ಸಿಕ್ಕ್ರ ಸಾಕಾಗಿತ್ತು. ಮನೆತನ ನೋಡಲಿಲ್ಲ, ಪಗಾರ ಕೇಳಲಿಲ್ಲ.

ಅನಸವ್ವ ಅಂತ ಒಬ್ಬಾಕಿ ನೇಯತಿದ್ಲು, ಹೇಳತೇನಿ ಕೇಳ್ರಿ, ಗಾಡಿ ಸುದ್ದಿ ಬಿಟ್ಟಲ್ಲ ಇದು. ಹನ್ನೆರಡ ವರ್ಷದ ಹಿಂದ. ಸೀರಿ ತುಂಬ ಡಾಗ. ನಾ ಓದಿದೆ, ಆಕಿ ಸುಮ್ಮ ನಿಂತ್ಲು, ಸಹಿ ಮಾಡಿದ್ಲು, ಅರ್ಧ ಪಗಾರ ಕಡದೆ. ನೂಲ ಕೆಟ್ಟಿತ್ತು. ಆ ನೂಲ ತೂಗಿ ಕೊಟ್ಟಾಂವ ನಾನ ಇದ್ದೆ. ನನಗ ಗೊತ್ತಿತ್ತು. ಆಕಿಗೂ ಗೊತ್ತಿತ್ತು. ಒಂದ ಮಾತ ಆಡ್ತಾಳೇನು ಅಂತ ನಾ ಕಾದೆ, ನಾ ಆಡೇನೇನು ಅಂತ ಆಕಿ ಕಾದ್ಲು. ಅವತ್ತಿಂದ ಒಂದ ರಿವಾಜ ಹಾಕ್ಕೊಂಡೇನಿ. ಸಹಿ ಮಾಡಸೂಕಿಂತ ಮೊದಲ ಒಂದ ಪ್ರಶ್ನಾ ನಾ ಬಾಯಿಬಿಟ್ಟ ಕೇಳತೇನಿ. ನಿಮಗೂ ಕೇಳತೇನಿ.

ಮೊಬೈಲ ಕೆಳಗ ಇಡ್ರಿ. ಕಾಕಾನ ಕೇಳಿ ಹೇಳೂ ಮಾತಲ್ಲ.

ನಿಶ್ಚಯದ ದಿವಸ ಕಾಕಾ ಗಾಡಿ ಕೇಳಿದಾಗ ಪ್ರತಿಮಾ ಸಕ್ರಿ ತಾಟ ಹಿಡಕೊಂಡ ನಡಮನಿ ಬಾಗಲದಾಗ ನಿಂತಿದ್ಲು. ಆಕಿ ನನ್ನ ನೋಡಲಿಲ್ಲ, ಕಾಕಾನೂ ನೋಡಲಿಲ್ಲ. ನಿಮ್ಮನ್ನ ನೋಡಿದ್ಲು. ನೀವು ಮೊಬೈಲ ನೋಡಿದ್ರಿ. ಹಿಂಗ, ಈಗ ಹಿಡದೀರೆಲ್ಲೊ, ಹಿಂಗ. ಅವತ್ತಿಂದ ಆಕಿ ತಲ್ಯಾಗ ಒಂದ ಪ್ರಶ್ನಾ ಐತಿ. ಆಕಿಗೆ ಕೇಳಾಕ ಬಾಯಿ ಬರಲಿಲ್ಲ, ನನ್ನ ಮಗಳಲ್ಲೇನು? ನನ್ನ ಕಡಿಂದ ಕೇಳಿ ಕಳಿಸ್ಯಾಳ.

ಲಗ್ನಕ್ಕ ಹದಿನಾಲ್ಕ ದಿನ ಉಳದಾವ. ನೀವೀಗ ಹೇಳೂ ಉತ್ತರದ ಮ್ಯಾಲೆ ಆ ಲಗ್ನ ನಿಂತೈತಿ. ಯಾವ ಉತ್ತರಕ್ಕ ಆಗತೈತಿ, ಯಾವದಕ್ಕ ಮುರೀತೈತಿ, ಅದ ನಾ ಹೇಳೂದಿಲ್ಲ. ಖರೆ ಹೇಳೂ ಮನಶ್ಯಾಗ ಅದ ಬೇಕಾಗಿಲ್ಲ.

ಗಾಡಿ ಕೇಳು ಅಂತ ಕಾಕಾಗ ಹೇಳಿದಾವ್ರು ನೀವೋ? ಅವ್ರ ತಾವ ಕೇಳಿದ್ರೋ?

...

ಅವ್ರ ತಾವ ಕೇಳಿದ್ರ, 'ತಾವ ಕೇಳಿದ್ರು, ನಾ ಅವತ್ತ ಅಂಜಿದೆ' ಅನ್ರಿ. ನಾನೂ ಅವತ್ತ ಅಂಜಿದಾವನ. ತಿಳಕೋತೇನಿ.

ನೀವ ಹೇಳಿದ್ರ, 'ಹೇಳಿದೆ, ತಪ್ಪಾತು' ಅನ್ರಿ. ಅದೂ ಒಂದ ಉತ್ತರ.

...

ಗಾಡಿ ಯಾಕ ನೋಡತೀರಿ? ಗಾಡಿ ಹೇಳತೈತೇನು?

ಲೆಕ್ಕ ಹಾಕಾಕತ್ತೀರಿ. ಹೌದಲ್ಲೊ? ಯಾವದ ಅಂದ್ರ ಗಾಡಿ, ಲಗ್ನ ಎರಡೂ ಉಳೀತಾವ ಅಂತ. ತುಟಿ ಅಲಗಾಡಿತು ಈಗ, ಮತ್ತ ಕುಂತ್ತು. ಇಪ್ಪತ್ತೆಂಟು ವರ್ಷ ಮಂದಿ ಸುಮ್ಮನಿರೂದ ನೋಡೇನಿ ಅಮೋಲ. ಸೋತಾವ್ರು ಸುಮ್ಮನಿರೂದ ಬ್ಯಾರೆ, ಸಿಟ್ಟಿನಾವ್ರದ ಬ್ಯಾರೆ, ಅನಸವ್ವಂದ ಬ್ಯಾರೆ. ಇದು... ಇದು ಬ್ಯಾರೇ ಐತಿ.

ಮೂರ ಸಲ ಕೇಳಿದೆ. ಆತು. ಬರಕೊಂಡೆ, ನೋಡ್ರಿ. 'ಉತ್ತರ ಇಲ್ಲ.' ಇದು ಗಾಳಿ ಮಾಡಿದ ಡಾಗ ಅಲ್ಲ.

ಕೀಲಿ ತಗೋರಿ. ಯಾಕ ಹಿಂದ ಸರೀತೀರಿ? ತಗೋರಿ, ಎರಡೂ ಅದಾವ. ಗಾಡಿ ನಿಮ್ಮದ. ಈ ಚೀಲಾನೂ ತಗೋರಿ. ಬಂದಾಗಿಂದ ಅದರ ಮ್ಯಾಲೆ ಕಣ್ಣ ಇತ್ತ ನಿಮ್ಮದು. ನಿಶ್ಚಯದಾಗ ನೀವ ಕೊಟ್ಟ ಸೀರಿ ಐತಿ, ಘಡಿ ಮುರದಿಲ್ಲ. ಉಂಗರ ಕಾಗದದಾಗ ಸುತ್ತಿಟ್ಟಾಳ. ಹೆಸರ ಬದಲಿ ಮಾಡೂ ಅರ್ಜಿ ಐತಿ, ಕೊಡಾವ್ರ ಸಹಿ ಆಗೇತಿ. ನಿಮ್ಮ ಸಹಿ ಒಂದ ಬಾಕಿ.

ಇಲ್ಲ, ಪರಮಾನಂದ ಅಂತ ಇಲ್ಲ ಅಲ್ಲೆ. ಸರಿ ನೋಡ್ರಿ. ನಾ ಒಂದ ಪೈಸಾ ಕೊಟ್ಟಿಲ್ಲ ಈ ಗಾಡಿಗೆ. ಕೊಡಬೇಕಂತ ಹೋಗಿದ್ದೆ. ನಿಶ್ಚಯ ಆದ ಮಂಗಳವಾರ ರಜಾ ಹಾಕಿ ಶೋರೂಮಿಗೆ ಹೋದೆ, ಕಿಮ್ಮತ್ತ ಕೇಳಾಕ. ಊರು, ಅಡ್ಡಹೆಸರು ಹೇಳಿದೆ. ಕಂಪ್ಯೂಟರ್ ನೋಡಿದಾವ್ರು, 'ನಿಮ್ಮದ ರೊಕ್ಕ ಆಗಲೇ ಕಟ್ಟಿ ಆಗೇತಲ್ರೀ, ಗಾಡಿ ಬರೂದೊಂದ ಬಾಕಿ' ಅಂದ್ರು.

ಆ ಹಳದಿ ಕಾಗದ ಬಿಚ್ಚರಿ. ಶೋರೂಮಿನ ಪಾವತಿ. ಓದ್ರಿ. ಜೋರಾಗಿ ಓದಬೇಕಂತಿಲ್ಲ. ಬೀಳಗಿ ಆಸ್ಪತ್ರ್ಯಾಗ ಆರ ವರ್ಷ ಮಂದಿ ರಕ್ತಾ ಪರೀಕ್ಷಾ ಮಾಡಿ ಪ್ರತಿಮಾ ಕೂಡಿಸಿದ ರೊಕ್ಕ ಅದು. ನೀವು ಒಂದ ತಾಸ ಆಡಿದ ಮಾತಿಗೆ ಕೊಟ್ಟದ್ದು. ಲಗ್ನದ ದಿವಸ ಮಂಟಪದ ಮುಂದ ನಿಲ್ಲಿಸಿ ಕೀಲಿ ಕೈಯಾಗ ಇಡಬೇಕಂತ ಮಾಡಿದ್ಲು. ಯಾರಿಗೂ ಹೇಳಿರಲಿಲ್ಲ. ಅವತ್ತ ಸಕ್ರಿ ತಾಟ ಹಿಡಕೊಂಡ ನಿಂತಾಗ, ಕಾಕಾ ಅದೇ ಗಾಡಿ ಹೆಸರ ಹೇಳಿದ್ರಲ್ಲ... ಆವಾಗ ನಿಮ್ಮನ್ನ ನೋಡಿದ್ಲು. ಬ್ಯಾಡ ಅಂತೀರಿ ಅಂತ.

ಕೊಟ್ಟದ್ದ ವಾಪಸ ತಗೊಳ್ಳೂದಿಲ್ಲ ಅಂತಾಳ. ವರದಕ್ಷಿಣಿ ಕೇಳ್ಯಾರಂತ ಪೊಲೀಸರ ಕಡೆ ಹೋಗೋಣು ಅಂದೆ. 'ನೀನೂ ಸುಮ್ಮ ಕುಂತಾವನ ಅಪ್ಪಾ' ಅಂದ್ಲು. 'ಮೂರ ಲಕ್ಷದಾಗ ಬಿಡುಗಡಿ ಆಗತಿದ್ರ, ನಡುತರದ್ದ ಆತು ಬಿಡು' ಅಂದ್ಲು.

ನಾ ಹೆಂಗ ಹೋಗತೇನಿ ಅಂತ ನೀವ ಕೇಳಲಿಲ್ಲ. ರಸ್ತಾದ ಆಚೆ ಸ್ಕೂಟರ್ ನಿಂತೈತಲ್ಲ, ಬೇವಿನ ಗಿಡದ ಕೆಳಗ, ನೀಲಿ ಹೆಲ್ಮೆಟ್ಟು. ಅಪ್ಪ ಕೆಡವತಾನ ಅಂತ ಬನಹಟ್ಟಿಯಿಂದ ನನ್ನ ಹಿಂದ ಹಿಂದ ಬಂದಾಳ. ನೀವ ಒಂದ ಉತ್ತರ ಕೊಟ್ಟಿದ್ರ ಕೈ ಮಾಡಿ ಕರೀತಿದ್ದೆ. ಬ್ಯಾಡ, ಏಳಬ್ಯಾಡ್ರಿ. ಆಕಿ ಗಾಡಿ ಸುರು ಮಾಡಿದ್ಲು. ಕೇಳಸ್ತೆಲ್ಲೊ?

ಕೊನೇ ಸಾಲ ಓದಿ ಮುಗಸತೇನಿ. ಇದಕ್ಕ ನಿಮ್ಮ ಸಹಿ ಬ್ಯಾಡ.

ಗಾಡಿಗೆ ಕೊಟ್ಟದ್ದು: ಮೂರು ಲಕ್ಷ ಇಪ್ಪತ್ತೊಂದು ಸಾವಿರ ನಾಲ್ಕನೂರು, ಪೂರ್ತಿ. ಕೊಟ್ಟಾಕಿ: ಪ್ರತಿಮಾ. ತಾರೀಖು... ಕಾಗದದ ಮ್ಯಾಲೆ ನೀವ ನೋಡ್ರಿ. ಹದಿನಾರು ಜನವರಿ. ನಿಮ್ಮ ಕಾಕಾ ಬಾಯಿ ತಗಿಯೂಕಿಂತ ಒಂಬತ್ತು ದಿನ ಮೊದಲ.

ಅವತ್ತಿನ ಹವಾ ಆಕಿಗೇ ಕೇಳಿ ಬರಕೊಂಡೇನಿ. ಥಂಡಿ ಇತ್ತಂತ. ಎಳಬಿಸಲು. ಛಲೋ ಇತ್ತಪ್ಪಾ ಅಂದ್ಲು.